ಗಾಳಿ ತಿರುಗುವವರೆಗೂ

1498ರ ಅಕ್ಟೋಬರ್ 5. ಕಾರವಾರದ ಎದುರಿಗಿರುವ ಅಂಜುದೀವ ದ್ವೀಪದಿಂದ ವಾಸ್ಕೋ ಡ ಗಾಮನ ಹಡಗುಗಳು ವಾಪಸ್ ಹೊರಟವು. ಬರುವಾಗ ಆಫ್ರಿಕಾದ ಮಾಲಿಂದಿಯಿಂದ ಕಲ್ಲಿಕೋಟೆಗೆ ಹಿಡಿದದ್ದು ಮೂರೂವರೆ ವಾರ. ಈಗ ಅದೇ ಕಡಲು ದಾಟಲು ಸುಮಾರು ಮೂರು ತಿಂಗಳು ಬೇಕಾಯಿತು. ವಸಡು ಊದಿ, ಕಾಲು ಬಾತು ಸುಮಾರು 30 ಜನ ಸತ್ತರು. ಉಳಿದವರು ಮೂರು ಹಡಗು ನಡೆಸಲು ಸಾಲದೆ, ಮಾಲಿಂದಿ ದಾಟಿದ ಮೇಲೆ ಒಂದನ್ನು ಸುಟ್ಟುಬಿಟ್ಟರು.

ಗಾಮ ಭಾರತಕ್ಕೆ ಕಡಲ ದಾರಿ ಕಂಡುಹಿಡಿದ ಅಂತ ಮಕ್ಕಳಿಗೆ ಇನ್ನೂ ಬಾಯಿಪಾಠ ಮಾಡಿಸುತ್ತೇವೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಆಫ್ರಿಕಾ ಸುತ್ತಿ ಬಂದದ್ದು ದೊಡ್ಡ ಸಾಹಸವೇ, ಇಲ್ಲ ಅನ್ನುವುದಿಲ್ಲ. ಆದರೆ ಮಾಲಿಂದಿಯಿಂದ ಈಚೆಗೆ ಅವನನ್ನು ಕರೆತಂದದ್ದು ಅಲ್ಲೇ ಸಿಕ್ಕ, ದಾರಿ ಗೊತ್ತಿದ್ದ ಒಬ್ಬ ನಾವಿಕ. ಆ ದಾರಿಗೆ ಆಗಲೇ ಸಾವಿರ ವರ್ಷಕ್ಕಿಂತ ಜಾಸ್ತಿ ವಯಸ್ಸು. ಅದನ್ನು ಹಾಕಿಕೊಟ್ಟದ್ದು ಗಾಳಿ.

ಏಪ್ರಿಲ್ ಮಧ್ಯಾಹ್ನ ಅಂಗಳದ ಕಲ್ಲಿನ ಮೇಲೆ ಕಾಲಿಡಲು ಆಗುವುದಿಲ್ಲ. ಪಕ್ಕದ ಬಾವಿಯ ನೀರು ಮಾತ್ರ ತಣ್ಣಗೇ ಇರುತ್ತದೆ. ನೆಲ ಬೇಗ ಕಾಯುತ್ತದೆ, ಬೇಗ ಆರುತ್ತದೆ. ನೀರು ಎರಡರಲ್ಲೂ ನಿಧಾನ. ಇದನ್ನೇ ಒಂದು ಖಂಡದಷ್ಟು ದೊಡ್ಡದು ಮಾಡಿ ನೋಡಿ. ಬೇಸಿಗೆಯಲ್ಲಿ ಏಷ್ಯಾದ ನೆಲ ಒಲೆಯ ಹಾಗೆ ಕಾಯುತ್ತದೆ. ಒಲೆಯ ಮೇಲಿನ ಬಿಸಿ ಗಾಳಿ ಮೇಲೇರಿದರೆ ಬಾಗಿಲ ಸಂದಿಯಿಂದ ತಣ್ಣನೆ ಗಾಳಿ ಒಳಗೆ ನುಗ್ಗುತ್ತದೆ, ಅಲ್ವಾ? ಇಲ್ಲಿ ಬಾಗಿಲು ಅಂದರೆ ಹಿಂದೂ ಮಹಾಸಾಗರ. ಆ ಗಾಳಿ ದಕ್ಷಿಣದಿಂದ ನೆಟ್ಟಗೆ ಬರಬೇಕಿತ್ತು. ಆದರೆ ಭೂಮಿ ತಿರುಗುತ್ತಿದೆ. ಜಾತ್ರೆಯಲ್ಲಿ ತಿರುಗುವ ಮರಗುದುರೆಯ ಮೇಲೆ ಕೂತು ಎದುರಿನವನಿಗೆ ಚೆಂಡು ಎಸೆಯಿರಿ, ಅದು ಪಕ್ಕಕ್ಕೆ ಓಡುತ್ತದೆ. ಹಾಗೆಯೇ ಸಮಭಾಜಕ ದಾಟಿದ ಗಾಳಿ ಬಲಕ್ಕೆ ತಿರುಗಿ ನೈಋತ್ಯದಿಂದ ಬೀಸುತ್ತದೆ. ಅದೇ ನಮ್ಮ ಮುಂಗಾರು. ಚಳಿಗಾಲದಲ್ಲಿ ನೆಲ ಆರಿ, ಎಲ್ಲವೂ ತಿರುಗುಮುರುಗಾಗುತ್ತದೆ. ಗಾಳಿ ಈಶಾನ್ಯದಿಂದ ಕಡಲಿನತ್ತ ಹೊರಡುತ್ತದೆ.

ಗಾಮ ಹೊರಟದ್ದು ಈ ಎರಡರ ನಡುವೆ. ಒಂದು ಗಾಳಿ ಸತ್ತಿತ್ತು, ಇನ್ನೊಂದು ಹುಟ್ಟಿರಲಿಲ್ಲ. ಸ್ವಲ್ಪ ಕಾದಿದ್ದರೆ ಸಾಕಿತ್ತು.

ಈ ಕಡಲ ವ್ಯಾಪಾರಿಗಳಿಗೆ ಚೆನ್ನಾಗಿ ಗೊತ್ತಿದ್ದ ವಿದ್ಯೆಯೇ ಕಾಯುವುದು. ಮಾನ್ಸೂನ್ ಅನ್ನುವ ಪದವೇ ಅರಬ್ಬಿಯ ಮೌಸಿಮ್, ಅಂದರೆ ಋತು. ಯೆಮೆನ್‌ನ ಏಡನ್ ಬಂದರಿನಿಂದ ಬಂದವರು ಗಾಳಿ ತಿರುಗುವವರೆಗೂ ಸುಮ್ನೆ ಹಡಗಿನಲ್ಲಿ ಕೂರುತ್ತಾರಾ? ಬಾಡಿಗೆಗೆ ಮನೆ ಹಿಡಿಯುತ್ತಾರೆ, ಸಾಲ ಕೊಡುತ್ತಾರೆ, ಭಾಷೆ ಕಲಿಯುತ್ತಾರೆ, ಮದುವೆ ಆಗುತ್ತಾರೆ. ಭಟ್ಕಳದ ನವಾಯತರು, ಮಂಗಳೂರಿನ ಬ್ಯಾರಿಗಳು, ಕೇರಳದ ಮಾಪಿಳ್ಳೆಗಳ ಊಟ, ಮಾತು, ಮನೆತನಗಳಲ್ಲಿ ಆ ಕಾಯುವಿಕೆಯ ಗುರುತಿದೆ.

ಅಬ್ರಹಾಂ ಬೆನ್ ಯಿಜು ಟ್ಯುನೀಷಿಯಾ ಕಡೆಯ ಯೆಹೂದಿ ವ್ಯಾಪಾರಿ. 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ. ಅದೇ ವರ್ಷ ಅಶು ಎಂಬ ಹೆಂಗಸನ್ನು ದಾಸ್ಯದಿಂದ ಬಿಡಿಸಿದ ಪತ್ರ ಇವತ್ತಿಗೂ ಉಳಿದಿದೆ. ಸುಮಾರು 17 ವರ್ಷ ಈ ತೀರವೇ ಅವನ ನೆಲೆ. ಇಲ್ಲಿಂದ ಮೆಣಸು, ಅಡಿಕೆ, ಕಬ್ಬಿಣ ಏಡನ್‌ಗೆ ಹೋಗುತ್ತಿದ್ದವು. ಅಲ್ಲಿಂದ ಗೆಳೆಯ ಮದ್ಮೂನ್ ಸಕ್ಕರೆ, ಒಣದ್ರಾಕ್ಷಿ ಕಳಿಸುತ್ತಿದ್ದ. ಜೊತೆಗೆ ಬಿಳಿ ಕಾಗದ, ಏಕೆಂದರೆ ಬರೆಯುವ ಕಾಗದ ಇಲ್ಲಿ ಸಿಗುತ್ತಿರಲಿಲ್ಲ. ಆ ಕಾಗದದ ಮೇಲೆ ಬರೆದ ಪತ್ರ ಒಂದು ಗಾಳಿಗೆ ಹೋದರೆ, ಉತ್ತರ ಬರಲು ಇನ್ನೊಂದು ಗಾಳಿ ಏಳಬೇಕಿತ್ತು.