ಕ್ರೂಸ್‌ಗೆ ಹೋದಾಗ ಡಾಲ್ಫಿನ್ ಜೊತೆ ಈಜುವುದಾದರೆ ಎಲ್ಲಿ?

ಪ್ರಶ್ನೆ: ನಾವು ಪುಣೆಯಲ್ಲಿದ್ದೇವೆ. ಡಿಸೆಂಬರ್‌ನಲ್ಲಿ ಮುಂಬೈಯಿಂದ ಗೋವಾಕ್ಕೆ ಕ್ರೂಸ್ ಬುಕ್ ಮಾಡಿದ್ದೇವೆ. ಮಗಳಿಗೆ ಹನ್ನೆರಡು ವರ್ಷ, ಈಜು ಚೆನ್ನಾಗಿ ಬರುತ್ತದೆ. ಡಾಲ್ಫಿನ್ ಜೊತೆ ಕಡಲಿಗಿಳಿಯಬೇಕು ಅಂತ ಹಟ ಹಿಡಿದಿದ್ದಾಳೆ. ಗೋವಾದಲ್ಲಿ ಎಲ್ಲಿಗೆ ಹೋಗಬೇಕು? ಇಲ್ಲಿ ಆಗದಿದ್ದರೆ ಮುಂದೆ ಯಾವ ದೇಶದ ಕ್ರೂಸ್ ಆರಿಸಬೇಕು?

ಉತ್ತರ: ಗೋವಾದಲ್ಲಿ ನೀರಿಗಿಳಿಯಬೇಡಿ. ವಾಸ್ಕೋದಲ್ಲಿ ಹದಿನೈದು ವರ್ಷದಿಂದ ಇರುವವನಾಗಿ ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಇಲ್ಲಿ ದಡದ ಹತ್ತಿರ ಕಾಣುವುದು ಹೆಚ್ಚಾಗಿ ಬೆನ್ನ ಮೇಲೆ ಗೂನಿರುವ ಜಾತಿಯ ಡಾಲ್ಫಿನ್. ಎರಡೂವರೆ ಮೀಟರ್ ಉದ್ದದ, ನಾಚಿಕೆ ಸ್ವಭಾವದ ಪ್ರಾಣಿ. ಆಳ ಕಡಿಮೆ ಇರುವ ನೀರು, ಅದರಲ್ಲೂ ನದಿ ಸಮುದ್ರಕ್ಕೆ ಸೇರುವ ಜಾಗ ಅದಕ್ಕೆ ಇಷ್ಟ. ಮಾಂಡೋವಿ, ಜುವಾರಿ ಅಳಿವೆಗಳಲ್ಲಿ ಅದು ಸಿಗುವುದು ಅದಕ್ಕೇ. ಅಲ್ಲಿನ ನೀರು ಕೆಸರು. ನಿಮ್ಮ ಮಗಳಿಗೆ ತನ್ನ ಕೈ ಸರಿಯಾಗಿ ಕಂಡರೆ ಪುಣ್ಯ, ಡಾಲ್ಫಿನ್ ಕಾಣುವುದು ದೂರದ ಮಾತು. ಮೇಲಾಗಿ ದೋಣಿಗಳು ಅದೇ ದಾರಿಯಲ್ಲಿ ಓಡಾಡುತ್ತವೆ. ಈ ಜಾತಿ ಅಳಿವಿನಂಚಿನ ಪಟ್ಟಿಯಲ್ಲಿದೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಕೊಡುವ ಮೊದಲ ಅನುಸೂಚಿಯಲ್ಲೂ ಇದೆ. ಆ ಕಾಯ್ದೆಯ ಪ್ರಕಾರ ‘ಬೇಟೆ’ ಎಂದರೆ ಕೊಲ್ಲುವುದಷ್ಟೇ ಅಲ್ಲ, ಅಟ್ಟಿಸಿಕೊಂಡು ಹೋಗುವುದೂ ಬೇಟೆಯೇ.

ಇನ್ನು ಬೇರೆ ದೇಶದ ಮಾತು. ಜಾಗ ಆರಿಸುವವರು ನೀರು ತಿಳಿಯಾಗಿದೆಯಾ, ಬೆಚ್ಚಗಿದೆಯಾ, ಟಿಕೆಟ್ ಎಷ್ಟು ಎಂದು ಕೇಳುತ್ತಾರೆ. ಅದಕ್ಕೂ ಮೊದಲು ಕೇಳಬೇಕಾದದ್ದು ಒಂದಿದೆ: ಅಲ್ಲಿನ ಡಾಲ್ಫಿನ್ ಮಲಗುವುದು ಯಾವಾಗ?

ಗಾಳಿಯಲ್ಲಿ ಗಿರಗಿರನೆ ತಿರುಗುತ್ತ ಹಾರುವ ಸ್ಪಿನ್ನರ್ ಡಾಲ್ಫಿನ್ ರಾತ್ರಿಯಿಡೀ ಆಳ ಸಮುದ್ರದಲ್ಲಿ ಮೀನು ಹಿಡಿಯುತ್ತದೆ. ಬೆಳಗಾದ ಮೇಲೆ ಆಳವೂ ಅಲೆಯೂ ಕಡಿಮೆ ಇರುವ ಕೊಲ್ಲಿಗೆ ಬಂದು ವಿಶ್ರಮಿಸುತ್ತದೆ. ಡಾಲ್ಫಿನ್‌ಗಳಿಗೆ ನಮ್ಮ ಹಾಗೆ ಮೈಮರೆತು ಮಲಗಲು ಆಗುವುದಿಲ್ಲ. ಮಿದುಳಿನ ಅರ್ಧ ನಿದ್ರಿಸಿದರೆ ಇನ್ನರ್ಧ ಎಚ್ಚರವಿದ್ದು, ಉಸಿರಿಗೆ ಮೇಲೆ ಬರುವುದನ್ನು ನೋಡಿಕೊಳ್ಳುತ್ತದೆ. ಕ್ರೂಸ್ ಹಡಗು ಬಂದರಿಗೆ ಬರುವುದು ಬೆಳಿಗ್ಗೆ, ಹೊರಡುವುದು ಸಂಜೆ. ಅಂದರೆ ಪ್ರಯಾಣಿಕರಿಗೆ ಬಿಡುವಿರುವ ಹೊತ್ತೂ ಅವುಗಳ ನಿದ್ದೆಯ ಹೊತ್ತೂ ಒಂದೇ! ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದವರ ಮನೆಗೆ ದಿನಾ ಬೆಳಿಗ್ಗೆ ನೂರು ಜನ ನುಗ್ಗಿದರೆ ಹೇಗಿರುತ್ತದೆ ಯೋಚಿಸಿ. ಹವಾಯಿಯಲ್ಲಿ ಆದದ್ದು ಇದೇ. ಕೊನೆಗೆ 2021ರಲ್ಲಿ ಅಮೆರಿಕ ಸರ್ಕಾರ, ಅಲ್ಲಿನ ಮುಖ್ಯ ದ್ವೀಪಗಳ ಕರಾವಳಿಯಲ್ಲಿ ಸ್ಪಿನ್ನರ್‌ಗಳಿಂದ 50 ಗಜದೊಳಗೆ ಈಜುವುದನ್ನೂ ದೋಣಿ ಒಯ್ಯುವುದನ್ನೂ ನಿಷೇಧಿಸಿತು. ಹಾಗಾಗಿ ಹವಾಯಿ ಬಿಡಿ.

ಈಜಲೇಬೇಕೆಂದರೆ ನಾನು ಹೇಳುವುದು ನ್ಯೂಜಿಲೆಂಡ್‌ನ ಕೈಕೌರಾ. ದಡದ ಪಕ್ಕದಲ್ಲೇ ಸಮುದ್ರತಳ ಆಳದ ಕಣಿವೆಯಾಗಿ ಇಳಿಯುವುದರಿಂದ ಅಲ್ಲಿ ಡಸ್ಕಿ ಡಾಲ್ಫಿನ್‌ಗಳ ದೊಡ್ಡ ಹಿಂಡುಗಳೇ ಇರುತ್ತವೆ. ನೀರು ತಣ್ಣಗೆ ಕೊರೆಯುತ್ತದೆ, ದಪ್ಪ ವೆಟ್‌ಸೂಟ್ ಬೇಕು. ಆದರೆ ಅಲ್ಲಿನ 1992ರ ನಿಯಮಗಳು ಗಟ್ಟಿಯಾಗಿವೆ: ಪರವಾನಗಿ ಇಲ್ಲದೆ ಈ ವ್ಯಾಪಾರ ನಡೆಸುವಂತಿಲ್ಲ, ಒಂದು ಹಿಂಡಿನ 300 ಮೀಟರ್ ಒಳಗೆ ಮೂರಕ್ಕಿಂತ ಹೆಚ್ಚು ದೋಣಿ ಇರುವಂತಿಲ್ಲ, ಮರಿಯಿರುವ ಹಿಂಡಿನ ನಡುವೆ ಈಜುವಂತಿಲ್ಲ. ಈ ಕೊನೆಯದು ನನಗೆ ಬಹಳ ಮುಖ್ಯ ಅನಿಸುತ್ತದೆ. ಹಾಗೆಂದು ಇಡೀ ನ್ಯೂಜಿಲೆಂಡ್ ಒಂದೇ ಅಂದುಕೊಳ್ಳಬೇಡಿ. ಕ್ರೂಸ್‌ಗಳು ನಿಲ್ಲುವ ಬೇ ಆಫ್ ಐಲೆಂಡ್ಸ್‌ನಲ್ಲಿ ಡಾಲ್ಫಿನ್ ಸಂಖ್ಯೆ ಕುಸಿದಿದ್ದರಿಂದ 2019ರಲ್ಲಿ ಈಜು ನಿಲ್ಲಿಸಿದರು.

ಹತ್ತಿರದ್ದು ಬೇಕೆಂದರೆ ಈಜಿಪ್ಟ್‌ನ ಮಾರ್ಸಾ ಆಲಂ ಬಳಿಯ ಸಮದಾಯ್ ಹವಳದಿಬ್ಬ. ಅಲ್ಲಿರುವುದೂ ಸ್ಪಿನ್ನರ್‌ಗಳೇ. ಆದರೆ 2004ರಿಂದ ಅಲ್ಲಿ ನೀರನ್ನೇ ವಿಭಾಗ ಮಾಡಿದ್ದಾರೆ. ಒಳಗಿನ ಭಾಗ ಡಾಲ್ಫಿನ್‌ಗಳಿಗೆ ಮಾತ್ರ, ಜನ ಹೋಗುವಂತಿಲ್ಲ. ಅದರಾಚೆ ಈಜುವವರಿಗೆ, ಇನ್ನೂ ಆಚೆ ದೋಣಿಗಳಿಗೆ. ಬರಬೇಕೆನಿಸಿದರೆ ಡಾಲ್ಫಿನ್ನೇ ಈಚೆ ಬರಬೇಕು.

ಹಡಗಿನಲ್ಲಿ ‘ಡಾಲ್ಫಿನ್ ಜೊತೆ ಈಜಿ’ ಎಂದು ಮಾರುವ ಎಷ್ಟೋ ಪ್ಯಾಕೇಜ್‌ಗಳು ಬಲೆ ಕಟ್ಟಿ ಡಾಲ್ಫಿನ್ ಕೂಡಿಹಾಕಿದ ಕೊಳದ್ದು. ಕೇಳಿಕೊಂಡೇ ದುಡ್ಡು ಕೊಡಿ. ನಮ್ಮ ದೇಶದಲ್ಲಿ 2013ರಿಂದ ಅಂಥ ಕೊಳಗಳಿಗೆ ಅನುಮತಿಯೇ ಇಲ್ಲ.

ಡಿಸೆಂಬರ್‌ಗೆ ಏನು ಮಾಡುವುದು? ನೀರಿಗಿಳಿಯದೆ ದೋಣಿಯಿಂದಲೇ ನೋಡಿ. ಹಡಗು ಮೊರ್ಮುಗಾವ್ ಬಂದರಿನಲ್ಲಿ ನಿಂತ ಮೇಲೆ, ಡಾಲ್ಫಿನ್ ತೋರಿಸುವ ದೋಣಿಗಳು ಹೊರಡುವ ಸಿಂಕ್ವೆರಿಮ್‌ಗೆ ಟ್ಯಾಕ್ಸಿಯಲ್ಲಿ ಒಂದು ಗಂಟೆಗೂ ಮೇಲಾಗುತ್ತದೆ, ಬೇಗ ಹೊರಡಿ. ‘ಡಾಲ್ಫಿನ್ ಕಾಣದಿದ್ದರೆ ಹಣ ವಾಪಸ್’ ಅನ್ನುವ ದೋಣಿ ಹತ್ತಬೇಡಿ. ಹಣ ಉಳಿಸಿಕೊಳ್ಳಲು ಅವರು ಅಟ್ಟಿಸಿಕೊಂಡೇ ಹೋಗಬೇಕಾಗುತ್ತದೆ. ಕಂಡ ಮೇಲೆ ಎಂಜಿನ್ ನಿಲ್ಲಿಸುತ್ತೀರಾ ಎಂದು ಮೊದಲೇ ಕೇಳಿ.

ಎರಡು ವರ್ಷದ ಹಿಂದೆ ನಾನು ಹತ್ತಿದ ದೋಣಿಯಲ್ಲಿ ಬಾಗಲಕೋಟೆ ಕಡೆಯ ಹುಡುಗನೊಬ್ಬ ಕೆಲಸಕ್ಕಿದ್ದ. ನನ್ನ ಕನ್ನಡ ಕೇಳಿ ಪಕ್ಕಕ್ಕೆ ಬಂದು, “ಅಣ್ಣಾರ, ಹಿಂದ ಹೋದ್ರ ಓಡ್ತಾವ್ರಿ. ಬಂದ್ ಮಾಡಿ ಕುಂತ್ರ ತಾವಾ ಬರ್ತಾವ” ಅಂದ. ಅವನೇ ದೋಣಿಯವರಿಗೆ ಕೊಂಕಣಿಯಲ್ಲಿ ಹೇಳಿ ಎಂಜಿನ್ ಬಂದ್ ಮಾಡಿಸಿದ. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಬೆನ್ನ ಹಿಂದೆ ‘ಫೂ’ ಎಂದು ಉಸಿರು ಬಿಟ್ಟ ಸದ್ದು. ತಿರುಗಿದರೆ ತಾಯಿ, ಅದರ ಪಕ್ಕೆಗೆ ಅಂಟಿಕೊಂಡಂತೆ ಮರಿ.