ಸಿನ್ಸಿಯರ್‌ಗೆ ಮೆತ್ತಿದ ಮೇಣ

ಮತ್ತೊಂದು ಸ್ಫೂರ್ತಿ ಭಾಷಣ, ಮತ್ತದೇ ಕತೆ. ಹಳೇ ರೋಮಿನ ಶಿಲ್ಪಿಗಳು ಅಮೃತಶಿಲೆಯಲ್ಲಿ ಬಿರುಕು ಕಂಡರೆ ಮೇಣ ತುಂಬಿ ಮುಚ್ಚುತ್ತಿದ್ದರಂತೆ. ಬಿಸಿಲಿಗೆ ಅದು ಕರಗಿ ಬಣ್ಣ ಬಯಲಾಗುತ್ತಿತ್ತಂತೆ. ಹಾಗಾಗಿ ನಿಯತ್ತಿನವರು ತಮ್ಮ ಮೂರ್ತಿಗಳನ್ನು 'ಸಿನೆ ಸೆರಾ', ಮೇಣವಿಲ್ಲದ್ದು, ಎಂದು ಹೇಳಿ ಮಾರುತ್ತಿದ್ದರಂತೆ. 'ಸಿನ್ಸಿಯರ್' ಹುಟ್ಟಿದ್ದೇ ಹೀಗಂತೆ. ಇಷ್ಟು 'ಅಂತೆ'ಗಳಿದ್ದರೂ ಯಾರಿಗೂ ಅನುಮಾನ ಬರುವುದಿಲ್ಲ, ನೋಡಿ.

ಲ್ಯಾಟಿನ್‌ನಲ್ಲಿ ಸಿನೆ ಅಂದರೆ 'ಇಲ್ಲದೆ', ಸೆರಾ ಅಂದರೆ 'ಮೇಣ'. ಅಷ್ಟು ಮಾತ್ರ ನಿಜ. ಶಿಲ್ಪಿಗಳು ಹಾಗೆ ಮಾರುತ್ತಿದ್ದರು ಅನ್ನುವುದಕ್ಕೆ ರೋಮನ್ನರ ಬರಹಗಳಲ್ಲಿ ಆಧಾರವಿಲ್ಲ. ಕೆಲವರು ಇದೇ ಕತೆಯನ್ನು ಜೇನುತುಪ್ಪಕ್ಕೂ ಹೊಂದಿಸುತ್ತಾರೆ: ಮೇಣ ಸೋಸಿ ತೆಗೆದ ಜೇನು ಅಂತ. ಒಂದೇ ಪದಕ್ಕೆ ಎರಡೆರಡು ಹುಟ್ಟೂರು ಹೇಳಿದಾಗಲೇ ಎಚ್ಚರವಾಗಬೇಕಿತ್ತು, ಅಲ್ವಾ? 'ಸಿನೆ' ಇರುವ ಇಂಗ್ಲಿಷ್ ಪದವೇ ಬೇಕೆಂದರೆ 'ಸೈನಿಕ್ಯೂರ್' ಇದೆ. ಅದು ನಿಜಕ್ಕೂ 'ಸಿನೆ ಕ್ಯುರಾ', ಅಂದರೆ ಹೊಣೆಯಿಲ್ಲದ್ದು. ಸಂಬಳ ಉಂಟು, ಕೆಲಸ ಇಲ್ಲ ಅನ್ನುವಂಥ ಹುದ್ದೆ.

ಸಿನ್ಸಿಯರ್‌ನ ಮೂಲ 'ಸಿನ್ಸೆರಸ್' ಎಂಬ ಲ್ಯಾಟಿನ್ ಪದ. ಶುದ್ಧ, ಕಲಬೆರಕೆ ಇಲ್ಲದ್ದು, ಕೆಡದೆ ಉಳಿದದ್ದು ಎಂದರ್ಥ. ಇದರ ಮೊದಲ ತುಂಡು 'ಒಂದು' ಎನ್ನುವ ಹಳೆಯ ಧಾತು, 'ಸಿಂಪಲ್' ಪದದಲ್ಲಿರುವುದೂ ಅದೇ. ಎರಡನೆಯ ತುಂಡು ಬೆಳೆಯುವುದಕ್ಕೆ ಸಂಬಂಧಿಸಿದ್ದು. ಒಂದಾಗಿಯೇ ಬೆಳೆದದ್ದು, ಬೇರೇನೂ ಬೆರೆಯದ್ದು: ಭಾಷಾತಜ್ಞರು ಹೆಚ್ಚಾಗಿ ಒಪ್ಪುವ ವಿವರಣೆ ಇದು. ಮೇಣದಷ್ಟು ರಸವತ್ತಾಗಿಲ್ಲ, ಏನು ಮಾಡುವುದು!

ರೋಮನ್ ಕವಿ ಹೊರೇಸ್ ಒಂದು ಕಡೆ, ಪಾತ್ರೆ 'ಸಿನ್ಸೆರಸ್' ಆಗಿರದಿದ್ದರೆ ಒಳಗೆ ಏನು ಸುರಿದರೂ ಹುಳಿಯಾಗುತ್ತದೆ ಅನ್ನುತ್ತಾನೆ. ಪಾತ್ರೆಗೆ ಯಾವ ಪ್ರಾಮಾಣಿಕತೆ? ಚೊಕ್ಕವಾಗಿರಬೇಕು, ಅಷ್ಟೆ. ಪದ 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗಲೂ ಈ ಅರ್ಥ ಜೊತೆಯಲ್ಲೇ ಬಂತು. 1611ರ ಇಂಗ್ಲಿಷ್ ಬೈಬಲ್ ದೇವರ ವಾಕ್ಯವನ್ನು 'ಸಿನ್ಸಿಯರ್' ಹಾಲು ಎಂದು ಕರೆಯುತ್ತದೆ. ಅಂದರೆ ಅಪ್ಪಟ ಹಾಲು. ವಸ್ತುಗಳ ಬಗ್ಗೆ ಹೀಗೆ ಹೇಳುವುದು ಆಮೇಲೆ ಬಿಟ್ಟುಹೋಯಿತು, ಮನುಷ್ಯರ ಬಗ್ಗೆ ಹೇಳುವುದು ಉಳಿಯಿತು. ಒಳಗೊಂದು ಹೊರಗೊಂದು ಇಲ್ಲದವರು ಸಿನ್ಸಿಯರ್.

ಸರಿಯಾದ ಹೊತ್ತಿಗೆ ಬಂದು ಸುಮ್ನೆ ತಲೆ ತಗ್ಗಿಸಿ ದುಡಿಯುವವರನ್ನೆಲ್ಲ 'ತುಂಬಾ ಸಿನ್ಸಿಯರ್' ಅನ್ನುವುದು ಇನ್ನೊಂದು ತಲೆನೋವು. ಅದು ಶಿಸ್ತು, ಶ್ರದ್ಧೆ. ಒಳ್ಳೆಯದೇ, ಆದರೆ ಬೇರೆ ಗುಣ. ಒಳಗೊಳಗೇ ಶಪಿಸುತ್ತಾ, ಮೇಲೆ ನಗುತ್ತಾ ದುಡಿಯುವವರೂ ಇದ್ದಾರೆ. ತಡವಾಗಿ ಬಂದು 'ನನಗೆ ಈ ಕೆಲಸ ಇಷ್ಟವೇ ಇಲ್ಲ' ಎಂದು ಮುಖಕ್ಕೇ ಹೇಳುವವನು ಅವರಿಗಿಂತ ಜಾಸ್ತಿ ಸಿನ್ಸಿಯರ್.