ಟಿ ಕೋಶ ದಣಿಯುವ ಮೊದಲೇ ಕೇಳಿ

ಹೋದ ದೀಪಾವಳಿಗೆ ನಮ್ಮೂರು ಕಾರಟಗಿಗೆ ಹೋಗಿದ್ದೆ. ಬೆಳಿಗ್ಗೆ ಬಸ್ಸಿಳಿದು ಮನೆ ಸೇರಿ ಇನ್ನೂ ಚಹಾ ಕುಡಿದಿರಲಿಲ್ಲ, ಹಿಂದಿನ ಓಣಿಯ ಹುಡುಗನೊಬ್ಬ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಬಟ್ಟೆ ಅಂಗಡಿಯ ಚೀಲ, ಅದರ ತುಂಬ ರಿಪೋರ್ಟು. ಅವನ ಅಪ್ಪನಿಗೆ ಲಿಂಫೋಮಾ, ಅಂದರೆ ಬಿಳಿ ರಕ್ತಕಣದ ಒಂದು ಬಗೆಯ ಕ್ಯಾನ್ಸರ್. "ಅಕ್ಕಾರ, ನೀವು ರಕ್ತದಾಗಿನ ಕಣ ತಗದು, ಅದಕ್ಕ ಕಲಿಸಿ, ಕ್ಯಾನ್ಸರ್ ಕೊಲ್ಲಂಗ ಮಾಡ್ತೀರಂತ. ನಮ್ಮಪ್ಪಗ ಆಗ್ತೈತೇನ್ರಿ?" ಎಂದು ಕೇಳಿದ.

ನಾನು ಡಾಕ್ಟರ್ ಅಲ್ಲ, ಬೆಂಗಳೂರಿನ ಲ್ಯಾಬಿನಲ್ಲಿ ಕೋಶ ಬೆಳೆಸುವವಳು. ಅದನ್ನು ಅವನಿಗೆ ಹೇಳಿಯೇ ರಿಪೋರ್ಟು ಬಿಡಿಸಿದೆ. ಎರಡು ವರ್ಷದಲ್ಲಿ ಮೂರು ಬಗೆಯ ಕೀಮೋ ಆಗಿತ್ತು. ಕೊನೆಯದು ಬೆಂಡಮುಸ್ಟಿನ್, ಆರು ವಾರದ ಹಿಂದೆ. ಅದನ್ನು ಓದಿದ ಕೂಡಲೇ ಹೊಟ್ಟೆಯೊಳಗೆ ಕಸಿವಿಸಿ ಶುರುವಾಯಿತು. ಯಾಕೆ ಅಂತ ಹೇಳಬೇಕೆಂದರೆ ಮೊದಲಿಂದ ಹೇಳಬೇಕು.

ರಕ್ತದ ಬಿಳಿ ಕಣಗಳಲ್ಲಿ ಟಿ ಕೋಶ ಅಂತ ಒಂದು ಜಾತಿ ಇದೆ. ವೈರಸ್ ಹೊಕ್ಕ ಕೋಶವನ್ನು ಪತ್ತೆ ಹಚ್ಚಿ ಕೊಲ್ಲುವುದು ಅವುಗಳ ಕೆಲಸ. ಕ್ಯಾನ್ಸರ್ ಕೋಶ ನಮ್ಮ ದೇಹದಲ್ಲೇ ಹುಟ್ಟಿದ್ದಲ್ವಾ, ಹಾಗಾಗಿ ಎಷ್ಟೋ ಸಲ ಅದು ಟಿ ಕೋಶದ ಕಣ್ಣು ತಪ್ಪಿಸಿಕೊಂಡು ಬೆಳೆಯುತ್ತದೆ. ನಾವು ಟಿ ಕೋಶಕ್ಕೆ ಹೊಸದೊಂದು ಜೀನ್ ಸೇರಿಸುತ್ತೇವೆ. ಆ ಜೀನ್ ಕೋಶದ ಮೈಮೇಲೆ ಒಂದು ಕೊಕ್ಕೆ ಮೂಡಿಸುತ್ತದೆ. ಕೊಕ್ಕೆಯ ಹೊರಗಿನ ತುದಿ ಆ್ಯಂಟಿಬಾಡಿಯಿಂದ ಬಂದದ್ದು, ಒಳಗಿನ ತುದಿ ಟಿ ಕೋಶದ್ದೇ. ಹೊರತುದಿ ಗುರಿಯನ್ನು ಹಿಡಿದ ತಕ್ಷಣ ಒಳತುದಿ 'ಕೊಲ್ಲು' ಅಂತ ಸುದ್ದಿ ಮುಟ್ಟಿಸುತ್ತದೆ. ಹೀಗೆ ಎರಡನ್ನು ಬೆಸೆಯಬಹುದು ಎಂದು ಇಸ್ರೇಲಿನ ಜೆಲಿಗ್ ಎಷ್ಹಾರ್ ಮತ್ತು ಅವರ ಜೊತೆಯವರು 1989ರಲ್ಲೇ ತೋರಿಸಿದ್ದರು. ಇದಕ್ಕೇ ಈಗ ಕಾರ್-ಟಿ ಎನ್ನುತ್ತಾರೆ.

ಲಿಂಫೋಮಾ, ಲುಕೇಮಿಯಾ ಎಂಬ ರಕ್ತ ಕ್ಯಾನ್ಸರುಗಳಲ್ಲಿ ನಾವು ಹೆಚ್ಚಾಗಿ ಗುರಿಯಿಡುವುದು ಸಿಡಿ19 ಎಂಬ ಗುರುತಿಗೆ. ಅದು ಬಿ ಕೋಶದ ಮೇಲಿರುತ್ತದೆ. ಬಿ ಕೋಶ ಅಂದರೆ ಸೋಂಕಿನ ವಿರುದ್ಧ ಆ್ಯಂಟಿಬಾಡಿ ತಯಾರಿಸುವ ಬಿಳಿ ಕಣ. ರೋಗ ಹಿಡಿದ ಬಿ ಕೋಶದ ಮೇಲೂ ಇರುತ್ತದೆ, ಆರೋಗ್ಯವಾಗಿರುವುದರ ಮೇಲೂ ಇರುತ್ತದೆ, ಎರಡೂ ಸಾಯುತ್ತವೆ. ಒಳ್ಳೆಯ ಬಿ ಕೋಶ ಇಲ್ಲದೆ ಮನುಷ್ಯ ಬದುಕಬಲ್ಲ, ಆದರೆ ಸೋಂಕು ಬೇಗ ತಗುಲುತ್ತದೆ. ಕೆಲವರಿಗೆ ಹೊರಗಿನಿಂದ ಇಮ್ಯುನೊಗ್ಲಾಬ್ಯುಲಿನ್, ಅಂದರೆ ಸಿದ್ಧ ಆ್ಯಂಟಿಬಾಡಿ ಕೊಡಬೇಕಾಗುತ್ತದೆ.

ಜೀನನ್ನು ಒಳಗೆ ಸಾಗಿಸಲು ನಾವು ಬಳಸುವುದು ಎಚ್‌ಐವಿಯಿಂದ ತಯಾರಾದ ವೈರಸ್ಸು. ಇದನ್ನು ಕೇಳಿ ಆ ಹುಡುಗ ಗಾಬರಿಯಾದ. ಎಲ್ಲರೂ ಆಗುತ್ತಾರೆ. ರೋಗ ತರುವ ಜೀನುಗಳನ್ನೆಲ್ಲ ಅದರಿಂದ ತೆಗೆದಿರುತ್ತೇವೆ. ಅದು ಒಂದು ಸಲ ಕೋಶದೊಳಗೆ ಹೋಗಿ ಜೀನ್ ಇಳಿಸುತ್ತದೆ, ಅಷ್ಟೇ. ಮರಿ ಹಾಕುವ ಶಕ್ತಿ ಅದಕ್ಕಿಲ್ಲ. ಹಾಗೆ ಮರಿ ಹಾಕುವಂಥದ್ದು ಒಳಗೆ ಸೇರಿಲ್ಲ ಎಂದು ಪರೀಕ್ಷೆ ಮಾಡಿಯೇ ಔಷಧ ಹೊರಗೆ ಬಿಡುವುದು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಈ ಔಷಧದ ಕಚ್ಚಾ ಮಾಲು ರೋಗಿಯ ರಕ್ತ. ಪ್ಯಾರಾಸಿಟಮಾಲ್ ಮಾಡುವ ಕಾರ್ಖಾನೆಗೆ ಕಚ್ಚಾ ಮಾಲು ಸರಿಯಿಲ್ಲದಿದ್ದರೆ ವಾಪಸ್ ಕಳಿಸಿ ಬೇರೆ ತರಿಸಬಹುದು. ನಮಗೆ ಬೇರೆ ಎಲ್ಲಿಂದ ಬರಬೇಕು? ಆ ಮನುಷ್ಯನಿಗೆ ಆ ಮನುಷ್ಯನ ಕೋಶವೇ ಆಗಬೇಕು.

ನಮ್ಮಪ್ಪ ಕಾರಟಗಿಯ ರೈಸ್ ಮಿಲ್ಲಿನಲ್ಲಿ 30 ವರ್ಷ ದುಡಿದವರು. ಲಾರಿ ಬಂದು ನಿಂತರೆ ಚೀಲಕ್ಕೆ ಕೊಳವೆಯಂಥ ಚೂಪು ಕಬ್ಬಿಣ ಚುಚ್ಚಿ ಒಂದು ಹಿಡಿ ಭತ್ತ ತೆಗೆಯುತ್ತಿದ್ದರು. ಅಂಗೈಯಲ್ಲಿ ತಿಕ್ಕಿ ಜೊಳ್ಳು ಊದಿ, ಒಂದು ಕಾಳು ಹಲ್ಲಿನಲ್ಲಿ ಕಚ್ಚಿ ನೋಡುತ್ತಿದ್ದರು. ಹಸಿ ಇದೆಯೋ, ಜಾಸ್ತಿ ಒಣಗಿದೆಯೋ ಆ 'ಕಟಕ್' ಸದ್ದಿನಲ್ಲೇ ಅವರಿಗೆ ಗೊತ್ತಾಗುತ್ತಿತ್ತು. ನನ್ನ ಕೆಲಸ ಏನು ಅಂತ ಅವರಿಗೆ ವಿವರಿಸಿದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಬರೋ ಮಾಲು ಹೆಂಗಿರ್ತೈತವ್ವಾ? ಭತ್ತ ಕೆಟ್ಟಿದ್ರ ಮಿಷಿನ್ ಎಷ್ಟ್ ಚಲೋ ಇದ್ದರೂ ನುಚ್ಚೇ ಬರ್ತೈತಿ." ಇಷ್ಟು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಇದಕ್ಕಿಂತ ಸರಿಯಾದ ಪ್ರಶ್ನೆಯನ್ನು ಯಾವ ಮೀಟಿಂಗಿನಲ್ಲೂ ನಾನು ಕೇಳಿಲ್ಲ.

ಆಸ್ಪತ್ರೆಯಲ್ಲಿ ರೋಗಿಯನ್ನು ಕೆಲವು ಗಂಟೆ ಒಂದು ಯಂತ್ರಕ್ಕೆ ಜೋಡಿಸುತ್ತಾರೆ. ಅದು ಬಿಳಿ ಕಣಗಳನ್ನು ಬೇರ್ಪಡಿಸಿ ಚೀಲಕ್ಕೆ ತುಂಬುತ್ತದೆ, ಉಳಿದ ರಕ್ತ ಮೈಗೆ ವಾಪಸ್ ಹೋಗುತ್ತದೆ. ಆ ಚೀಲ ನಮ್ಮ ಕೈಗೆ ಬರುತ್ತದೆ. ಹೆಸರಿರುವುದಿಲ್ಲ, ಕೋಡ್ ನಂಬರು ಮಾತ್ರ. ಟಿ ಕೋಶಗಳನ್ನು ಆರಿಸಿ ಎಬ್ಬಿಸುತ್ತೇವೆ, ಮರುದಿನವೋ ಅದರಾಚೆಯೋ ವೈರಸ್ ಸೇರಿಸುತ್ತೇವೆ, ಆಮೇಲೆ 37 ಡಿಗ್ರಿಯಲ್ಲಿ ಬೆಳೆಸುತ್ತೇವೆ. ನಮ್ಮೂರ ಮೇ ತಿಂಗಳ ಬಿಸಿಲಿಗಿಂತ ಅದು ಎಷ್ಟೋ ತಂಪು, ಆದರೆ ಅದರಿಂದ ಸ್ವಲ್ಪ ಆಚೀಚೆ ಆದರೂ ಕೋಶಗಳು ಸೊರಗುತ್ತವೆ. ಸಾಮಾನ್ಯವಾಗಿ ಏಳರಿಂದ ಹನ್ನೆರಡು ದಿನ ಬೇಕು. ಒಂದು ಪ್ರಸಿದ್ಧ ಔಷಧದಲ್ಲಿ ದೇಹದ ಪ್ರತಿ ಕಿಲೋ ತೂಕಕ್ಕೆ ಕೊಕ್ಕೆ ಮೂಡಿದ 20 ಲಕ್ಷ ಕೋಶ ಕೊಡಬೇಕು. 60 ಕಿಲೋ ಮನುಷ್ಯನಿಗೆ 12 ಕೋಟಿ ಆಯಿತು. ಬೆಳೆದ ಮೇಲೆ ಬ್ಯಾಕ್ಟೀರಿಯಾ ಇಲ್ಲ, ಕೋಶಗಳು ಜೀವಂತ ಇವೆ, ಕೊಕ್ಕೆ ಎಷ್ಟರ ಮೇಲೆ ಮೂಡಿದೆ, ಇವನ್ನೆಲ್ಲ ನೋಡಬೇಕು. ಆಮೇಲೆ ದ್ರವ ಸಾರಜನಕದಲ್ಲಿಟ್ಟು ಆಸ್ಪತ್ರೆಗೆ ಕಳಿಸುವುದು.

ಕೆಲವು ವರ್ಷದ ಹಿಂದೆ ಒಂದು ಟ್ರಯಲ್, ಅಂದರೆ ಹೊಸ ಔಷಧವನ್ನು ರೋಗಿಗಳಿಗೆ ಕೊಟ್ಟು ನೋಡುವ ಪರೀಕ್ಷೆ, ನಡೆಯುತ್ತಿದ್ದಾಗ ನಮ್ಮ ಕೈಯಲ್ಲೇ ಒಂದು ಬ್ಯಾಚ್ ಸೋತಿತು. ಎಚ್ಚೆತ್ತ ಟಿ ಕೋಶಗಳು ದಪ್ಪಗಾಗಿ ದ್ರಾಕ್ಷಿ ಗೊಂಚಲಿನ ಹಾಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಮೈಕ್ರೋಸ್ಕೋಪಿನಲ್ಲಿ ನೋಡಲು ಬಹಳ ಚೆಂದ. ಅವತ್ತಿನ ಕೋಶಗಳು ಸಣ್ಣಗೆ, ಒಂಟಿ ಒಂಟಿಯಾಗಿ ಕೂತಿದ್ದವು. ಆರನೇ ದಿನ ಎಣಿಸಿದರೆ ಹಾಕಿದ್ದಕ್ಕಿಂತ ಕಡಿಮೆ. ಪೋಷಕ ದ್ರವ ನೋಡಿದೆವು, ವೈರಸ್ ನೋಡಿದೆವು, ಇನ್‌ಕ್ಯುಬೇಟರ್ ನೋಡಿದೆವು, ಎಲ್ಲವೂ ಸರಿಯಿತ್ತು, ಅವೇ ಸಾಮಾನು ಬಳಸಿದ ಪಕ್ಕದ ಬ್ಯಾಚ್ ಸೊಗಸಾಗಿ ಬೆಳೆಯುತ್ತಿತ್ತು. ಹಾಳೆಯಲ್ಲಿ 'ವಿಫಲ' ಎಂದು ಬರೆಯುವಾಗ ನನಗೆ ಕೈ ಓಡಲಿಲ್ಲ. ಆ ಕೋಡ್ ನಂಬರಿನ ಹಿಂದೆ ಯಾರೋ ಒಬ್ಬರು ಆಸ್ಪತ್ರೆಯಲ್ಲಿ ಫೋನ್ ಬರಲಿ ಅಂತ ಕಾಯುತ್ತಿದ್ದರಲ್ಲ. ಆ ಚೀಲ ಬಂದದ್ದು ಹಲವು ಸುತ್ತು ಕೀಮೋ ಮುಗಿದ ಮೇಲೆ.

ಬೇಗ ಬೇಗ ಬೆಳೆಯುವ ಕೋಶಗಳನ್ನೆಲ್ಲ ಕೀಮೋ ಹೊಡೆಯುತ್ತದೆ, ಟಿ ಕೋಶಗಳಿಗೂ ಏಟು ಬೀಳುತ್ತದೆ. ಸಂಖ್ಯೆ ಇಳಿಯುತ್ತದೆ. ಎಳೆಯ, ಬೆಳೆಯುವ ಕಸುವಿರುವ ಕೋಶಗಳು ಕಡಿಮೆಯಾಗಿ, ಬಹಳ ಕಾಲ ಹೋರಾಡಿ ದಣಿದವು ಉಳಿಯುತ್ತವೆ. ಬೆಂಡಮುಸ್ಟಿನ್ ಈ ವಿಷಯದಲ್ಲಿ ಬಹಳ ಕಠಿಣ, ಅದನ್ನು ಕೊಟ್ಟು ತಿಂಗಳುಗಳೇ ಕಳೆದರೂ ಟಿ ಕೋಶಗಳು ಪೂರ್ತಿ ಚೇತರಿಸಿರುವುದಿಲ್ಲ. 2018ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡ ಒಂದು ಬಗೆಯ ಲುಕೇಮಿಯಾದ 41 ರೋಗಿಗಳನ್ನು ನೋಡಿ ಹೇಳಿದ್ದೂ ಇದನ್ನೇ. ಯಾರಿಗೆ ಚೆನ್ನಾಗಿ ಗುಣವಾಯಿತೋ ಅವರ ರಕ್ತದಲ್ಲಿ, ನಾವು ಕೈ ಹಾಕುವ ಮೊದಲೇ, ಎಳೆಯ ಕಸುವಿನ ಕೋಶಗಳು ಜಾಸ್ತಿ ಇದ್ದವು. ಅದೇ ವಿಶ್ವವಿದ್ಯಾಲಯದಲ್ಲಿ 2010ರಲ್ಲಿ ಕೋಶ ಪಡೆದ ಇಬ್ಬರ ಮೈಯಲ್ಲಿ ಹತ್ತು ವರ್ಷದ ಮೇಲೂ ಅವು ಜೀವಂತವಾಗಿದ್ದವು. ಒಳ್ಳೆಯ ಕೋಶ ಸಿಕ್ಕರೆ ಎಷ್ಟು ದೂರ ಬರುತ್ತದೆ ನೋಡಿ.

ಇದನ್ನು ಓದಿ ಯಾರೂ ಕೀಮೋ ಬೇಡ ಅನ್ನಬೇಡಿ, ಕೈ ಮುಗಿದು ಕೇಳುತ್ತೇನೆ. ಮೊದಲ ಚಿಕಿತ್ಸೆ ಅದೇ. ರಕ್ತ ಕ್ಯಾನ್ಸರಿನ ಬಹಳಷ್ಟು ಮಕ್ಕಳು, ಎಷ್ಟೋ ದೊಡ್ಡವರು ಅದರಿಂದಲೇ ಪೂರ್ತಿ ಗುಣವಾಗುತ್ತಾರೆ, ಅವರಿಗೆ ನಮ್ಮ ಔಷಧದ ಅಗತ್ಯವೇ ಬರುವುದಿಲ್ಲ. ನಾನು ಹೇಳುತ್ತಿರುವುದು ಆಮೇಲಿನ ಹೊತ್ತಿನ ಬಗ್ಗೆ. ರೋಗ ವಾಪಸ್ ಬಂತು, ಅಥವಾ ಮೊದಲ ಚಿಕಿತ್ಸೆಗೆ ಬಗ್ಗಲಿಲ್ಲ ಎಂದು ಗೊತ್ತಾದ ಆ ವಾರವೇ "ಕಾರ್-ಟಿ ನಮಗೆ ಆಗುತ್ತದೆಯೇ, ಆಗುವುದಾದರೆ ಮುಂದಿನ ಔಷಧ ಕೊಡುವ ಮೊದಲು ಕೋಶ ತೆಗೆದಿಡಬಹುದೇ" ಎಂದು ಡಾಕ್ಟರನ್ನು ಕೇಳಿ. ಅಮೆರಿಕದಲ್ಲಿ 2017ರಲ್ಲಿ ಲಿಂಫೋಮಾಕ್ಕೆ ಒಪ್ಪಿಗೆ ಸಿಕ್ಕಿದ್ದು ಎರಡು ಚಿಕಿತ್ಸೆ ಸೋತವರಿಗೆ. 2022ರಲ್ಲಿ ದೊಡ್ಡ ಬಿ ಕೋಶದ ಲಿಂಫೋಮಾದಲ್ಲಿ ಮೊದಲ ಚಿಕಿತ್ಸೆ ಕೆಲಸ ಮಾಡದಿದ್ದರೆ, ಅಥವಾ ವರ್ಷದೊಳಗೆ ರೋಗ ಮರಳಿದರೆ, ಆಗಲೇ ಕೊಡಬಹುದು ಎಂದರು. ನಮ್ಮ ಕಡೆಯಿಂದ ಬರುವವರು ಊರಲ್ಲಿ, ಬಳ್ಳಾರಿಯಲ್ಲಿ, ಹೈದರಾಬಾದಿನಲ್ಲಿ, ಕೊನೆಗೆ ಬೆಂಗಳೂರಿನಲ್ಲಿ ಎಂದು ಆಸ್ಪತ್ರೆ ಸುತ್ತಿ ಬರುವಷ್ಟರಲ್ಲಿ ನಾಲ್ಕನೇ ಔಷಧ ನಡೆದಿರುತ್ತದೆ. ಅವರ ತಪ್ಪಲ್ಲ. ಅವರಿಗೆ ಯಾರೂ ಹೇಳಿರುವುದಿಲ್ಲ.

ದುಡ್ಡಿನ ಮಾತೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಅಮೆರಿಕದ ಮೊದಲ ಕಾರ್-ಟಿ ಔಷಧಕ್ಕೆ 2017ರಲ್ಲಿ 4,75,000 ಡಾಲರ್ ಬೆಲೆ ಇಟ್ಟರು. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನವರು ಸೇರಿ ರೂಪಿಸಿದ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರಿನಲ್ಲಿ ನಮ್ಮ ದೇಶದಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಬೆಲೆ ಅಲ್ಲಿನದರ ಹತ್ತನೇ ಒಂದು ಪಾಲಿನ ಆಸುಪಾಸು. 2025ರಲ್ಲಿ ಬೆಂಗಳೂರಿನ ಕಂಪನಿ ಇಮ್ಯುನೀಲ್‌ನವರದ್ದೂ ಬಂತು. ಹತ್ತನೇ ಒಂದು ಪಾಲು ಅಂದರೂ ಹತ್ತಾರು ಲಕ್ಷ. ನಾಲ್ಕೆಕರೆ ಗದ್ದೆಯವರು ಗದ್ದೆ ಮಾರಬೇಕಾಗುತ್ತದೆ, ಅದನ್ನು ನೆನೆದರೆ ನನಗೆ ನಿದ್ದೆ ಬರುವುದಿಲ್ಲ. ಬೇಗ ಕೇಳಿದರೆ ಟ್ರಯಲ್‌ಗಳನ್ನು, ನೆರವಿನ ನಿಧಿಗಳನ್ನು ಹುಡುಕಲು ಸ್ವಲ್ಪ ಸಮಯ ಸಿಗುತ್ತದೆ. ಕೋಶ ಕೊಟ್ಟ ಮೇಲೆ ಕೆಲವು ವಾರ ಆಸ್ಪತ್ರೆಯ ಹತ್ತಿರವೇ ಇರಬೇಕು, ರೂಮಿನ ಬಾಡಿಗೆ, ಜೊತೆಗಿರುವವರ ಕೂಲಿ ನಷ್ಟ, ಇದನ್ನೂ ಲೆಕ್ಕಕ್ಕೆ ಹಿಡಿಯಿರಿ. ಹತ್ತಿರ ಇರಿ ಅನ್ನುವುದು ಸುಮ್ನೆ ಅಲ್ಲ. ಕೋಶಗಳು ಒಮ್ಮೆಲೇ ಕೆಲಸಕ್ಕಿಳಿದಾಗ ಜೋರು ಜ್ವರ ಬರಬಹುದು, ಬಿಪಿ ಬೀಳಬಹುದು, ಕೆಲವರಿಗೆ ಮಾತು ತೊದಲಬಹುದು. ಜ್ವರಕ್ಕೆ ಸಂಧಿವಾತದ ಔಷಧ ಟೊಸಿಲಿಜುಮ್ಯಾಬ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಅದನ್ನು ಹೊತ್ತಿಗೆ ಸರಿಯಾಗಿ ಕೊಡಬೇಕು.

ಊರಿಗೆ ಹೋದಾಗ ಬಾಯಿ ಕ್ಯಾನ್ಸರಿಗೆ, ಗರ್ಭಕೊರಳಿನ ಕ್ಯಾನ್ಸರಿಗೆ ಆಗುತ್ತಾ ಎಂದೂ ಕೇಳುತ್ತಾರೆ. ಇನ್ನೂ ಇಲ್ಲ. ಗಡ್ಡೆಯೊಳಗೆ ಟಿ ಕೋಶ ನುಗ್ಗುವುದೇ ಕಷ್ಟ, ನುಗ್ಗಿದರೂ ಅಲ್ಲಿ ಅವುಗಳ ಕಸುವು ಇಂಗುತ್ತದೆ, ಮೇಲಾಗಿ ಗಡ್ಡೆಯ ಎಲ್ಲ ಕೋಶಗಳ ಮೇಲೂ ಒಂದೇ ಗುರುತು ಇರುವುದಿಲ್ಲ. ನನ್ನ ಈಗಿನ ಸಂಶೋಧನೆ ಇದರ ಮೇಲೆಯೇ. ಈ ಹೆಸರಿನಲ್ಲಿ ಯಾರಾದರೂ ಇವತ್ತೇ ಮಾಡಿಕೊಡುತ್ತೇವೆ ಎಂದು ದುಡ್ಡು ಕೇಳಿದರೆ ಕೊಡಬೇಡಿ.

ಆ ಹುಡುಗ ಅಪ್ಪನನ್ನು ಬೆಂಗಳೂರಿಗೆ ಕರೆತಂದ. ರಕ್ತ ಕ್ಯಾನ್ಸರಿನ ಡಾಕ್ಟರು ಕೂಡಲೇ ಕೋಶ ತೆಗೆಯಲಿಲ್ಲ. ರೇಡಿಯೇಶನ್ ಕೊಟ್ಟು ಗಂಟುಗಳನ್ನು ತಡೆದು, ಟಿ ಕೋಶಗಳ ಸಂಖ್ಯೆ ಏರಲಿ ಎಂದು ಕಾದರು. ಕಾಯುವುದೂ ಅಪಾಯವೇ, ರೋಗ ಕಾಯುವುದಿಲ್ಲವಲ್ಲ. ಚೀಲ ಹೋದದ್ದು ಬೇರೆ ಲ್ಯಾಬಿಗೆ. ಕೋಶಗಳು ನಿಧಾನಕ್ಕೆ ಬೆಳೆದವು, ಅಂತೂ ಬೇಕಾದಷ್ಟು ಆದವು. ಕೊಟ್ಟ ಮೂರನೇ ದಿನ ಜ್ವರ ಬಂತು, ಎರಡು ಸಲ ಟೊಸಿಲಿಜುಮ್ಯಾಬ್ ಕೊಟ್ಟರಂತೆ. ಒಂದು ತಿಂಗಳ ಸ್ಕ್ಯಾನಿನಲ್ಲಿ ಕಂಕುಳಿನ ಗಂಟು ಹೋಗಿದೆ, ಹೊಟ್ಟೆಯೊಳಗಿನದು ಅರ್ಧ ಉಳಿದಿದೆ. ಈಗ ಬಾಯಿಗೆ ರುಚಿ ಬಂದು ಒಗ್ಗರಣಿ, ಮಿರ್ಚಿ ಬೇಕು ಎನ್ನುತ್ತಿದ್ದಾರಂತೆ. ಹೊರಗಿನದು ತಿನ್ನಬಾರದು ಎಂದು ಅವರ ಹೆಂಡತಿ ಬಾಡಿಗೆ ರೂಮಿನಲ್ಲೇ ಮಾಡಿಕೊಡುತ್ತಾರೆ. ಮೂರು ತಿಂಗಳ ಸ್ಕ್ಯಾನ್ ಬರುವ ಸೋಮವಾರ ಇದೆ.